ಪ್ಯಾಡಿಗೆ ಹತ್ತಿದ ಬಣ್ಣ

ಕಾರಿನ ಗೀರು ತಿಕ್ಕುತ್ತಿದ್ದ ಮೆಷಿನ್ನು ನಿಲ್ಲಿಸಿ, ಪಾಲಿಶ್‌ನವನು ಅದರ ಪ್ಯಾಡನ್ನು ತಿರುಗಿಸಿ ನೋಡಿದ. ಸ್ಪಂಜಿನ ಅಂಚಿಗೆ ಬಣ್ಣ ಹತ್ತಿತ್ತು. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ತೆಳುಪದರ ಇರುತ್ತದೆ. ಗೀರು ತೆಗೆಯುವುದೆಂದರೆ ಆ ಪದರವನ್ನು ಕೂದಲೆಳೆಯಷ್ಟು ಸವೆಸುವುದು, ಅಷ್ಟೆ. ಸವೆದು ಬರುವುದಕ್ಕೆ ಬಣ್ಣವಿರುವುದಿಲ್ಲ. ಪ್ಯಾಡಿಗೆ ಬಣ್ಣ ಬಂತೆಂದರೆ ಪದರ ಪೂರ್ತಿ ಸವೆದುಹೋಯಿತೆಂದೇ ಲೆಕ್ಕ. ಆಮೇಲೆ ಹೊಸ ಬಣ್ಣ ಹೊಡೆಯದೆ ಗತ್ಯಂತರವಿಲ್ಲ, ಕೆಲಸದವನ ಮಾನವೂ ಉಳಿಯುವುದಿಲ್ಲ.

ಅವನು ಬಗ್ಗಿ ನೋಡಿದ. ಕಾರು ಬಿಳಿ. ಪ್ಯಾಡಿನಲ್ಲಿದ್ದದ್ದು ನೀಲಿ.

"ಸದ್ಯ! ಬೇರೆ ಯಾರದೋ ಬಣ್ಣ," ಎಂದು ತನ್ನಷ್ಟಕ್ಕೇ ನಕ್ಕ. ಗೇಟಿಗೆ ತಾಗಿಸಿಕೊಂಡೆ ಎಂದು ಕಾರಿನ ಯಜಮಾನರು ಬೆಳಿಗ್ಗೆಯೇ ಹೇಳಿಹೋಗಿದ್ದರು. ಎಡಗಡೆ ಮುಂದಿನ ಚಕ್ರದ ಮೇಲಿನ ತಗಡಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಜೇಡರ ಬಲೆಯಂತೆ ಸುತ್ತುಗೀರು ಎಬ್ಬಿಸಿಕೊಂಡಿದ್ದರು. ಎಲ್ಲರೂ ಹೀಗೆಯೇ, ಮನೆಮದ್ದು ಮಾಡಿ ರೋಗ ಬಲಿತ ಮೇಲೆ ವೈದ್ಯರ ಬಾಗಿಲು ತಟ್ಟುವವರು. ಗೀರಿನೊಳಗೆ ಕೊಳೆ ಕೂತು ಗೆರೆ ಕಪ್ಪಾಗಿ ಕಂಡಿತ್ತು. ಅವನೂ ಹೆಚ್ಚು ನೋಡದೆ ಮೆಷಿನ್ನು ಇಟ್ಟುಬಿಟ್ಟಿದ್ದ.

ಪಾಲಿಶ್ ಪೇಸ್ಟು ಒಣಗಿದರೆ ಪ್ಯಾಡು ಕಲ್ಲಾಗುತ್ತದೆ. ಅಭ್ಯಾಸಬಲದಿಂದ ಅದನ್ನು ಬಿಚ್ಚಿ, ನಲ್ಲಿಯ ಕೆಳಗೆ ಹಿಡಿದು ಹಿಂಡಿದ. ನೀಲಿ ನೀರು ತೊಟ್ಟಿಗಿಳಿಯಿತು. ಕಿಟಕಿಯ ಬಿಸಿಲು ಬಿದ್ದಲ್ಲಿ ಒಂದು ಗಳಿಗೆ ಹಸಿರಾಗಿ ಮಿನುಗಿ, ಮತ್ತೆ ನೀಲಿಯಾಗಿ, ತೂತಿನೊಳಗೆ ಹೋಯಿತು. ಅವನ ಕೈ ನಿಂತಿತು.

ಆ ನೀಲಿಗೆ ಒಂದು ಚಮಚ ಹಸಿರು ಮಿಂಚುಪುಡಿ ಬೆರೆಸಿದವನು ಅವನೇ. ಅಂಗಡಿಯಲ್ಲಿ ಮಿಕ್ಕಿದ್ದ ಬಣ್ಣ. ಅಣ್ಣನ ಹಳೇ ಸೈಕಲ್ಲಿಗೆ ಹೊಡೆದುಕೊಟ್ಟಿದ್ದ. "ಏನೋ ಇದು, ಮದುವೆ ಗಂಡಿನ ಥರ ಮಾಡಿಟ್ಟಿದ್ದೀಯ! ಬೇಕರಿ ಒಲೆ ಮುಂದೆ ಬೇಯೋನಿಗೆ ನವಿಲಿನ ಕತ್ತು ಯಾಕೋ?" ಎಂದು ಅಣ್ಣ ಬೈದಿದ್ದ. ಬೈಯುತ್ತಲೇ ಬೀದಿಯಲ್ಲಿ ಎರಡು ಸುತ್ತು ಹೊಡೆದು ಎಲ್ಲರಿಗೂ ತೋರಿಸಿ ಬಂದಿದ್ದ. ಆ ಬಣ್ಣ ಬೇರೆ ಯಾವ ಸೈಕಲ್ಲಿಗೂ ಇಲ್ಲ, ಯಾವ ಗೇಟಿಗೂ ಇಲ್ಲ.

ಹೋದ ಬೇಸಿಗೆಯಲ್ಲಿ, ನಸುಕಿಗೇ ಬೇಕರಿಗೆ ಹೊರಟಿದ್ದ ಅಣ್ಣನನ್ನು ಯಾವುದೋ ಕಾರು ಸವರಿಕೊಂಡು ಹೋಗಿತ್ತು. ನಿಲ್ಲಿಸಲಿಲ್ಲ. ಮೋರಿಯ ಕಲ್ಲಿಗೆ ತಲೆ ಬಡಿದು ಅಣ್ಣ ಅಲ್ಲೇ ಹೋಗಿಬಿಟ್ಟ. ಸೈಕಲ್ಲಿನ ಮೇಲೆ ಉಳಿದದ್ದು ಒಂದು ಬಿಳಿ ಗೆರೆ. "ಊರಲ್ಲಿ ಅರ್ಧ ಕಾರು ಬಿಳೀದೇ ಕಣಯ್ಯ, ಎಲ್ಲಿ ಅಂತ ಹುಡುಕೋಣ?" ಎಂದು ಪೊಲೀಸರು ಸೈಕಲ್ಲನ್ನು ವಾಪಸು ಕೊಟ್ಟರು. ಕೆಲವು ದಿನ ಅವನು ಅಂಗಡಿಗೆ ಬಂದ ಬಿಳಿ ಕಾರುಗಳನ್ನೆಲ್ಲ ಕಳ್ಳನನ್ನು ನೋಡಿದಂತೆ ನೋಡಿದ. ಆಮೇಲೆ ಹೊಟ್ಟೆಪಾಡು ಗೆದ್ದಿತು. ಅತ್ತಿಗೆ ಮಾತ್ರ ಹಿಡಿದ ಮಾತು ಬಿಡಲಿಲ್ಲ. "ನಂಗೆ ಇನ್ನೇನೂ ಬೇಡ ಕಣಪ್ಪ. ಯಾರು ಅಂತ ಗೊತ್ತಾದ್ರೆ ಸಾಕು. ಒಂದ್ಸಲ ಮುಖ ನೋಡ್ಬೇಕು."

ಅವನು ದೀಪ ಹಿಡಿದು ಕಾರಿನ ಬಳಿಗೆ ಓಡಿದ. ಚಕ್ರದ ಮೇಲೆ, ಅಂಚಿನ ಕೆಳಗೆ, ಸಂದಿಯಲ್ಲಿ ಬೆರಳಾಡಿಸಿ ಹುಡುಕಿದ. ಗೀರಿಲ್ಲ, ಗೆರೆಯಿಲ್ಲ, ಸಾಸಿವೆಕಾಳಿನಷ್ಟು ನೀಲಿಯೂ ಇಲ್ಲ. ಅವನ ಕೆಲಸ ಯಾವತ್ತೂ ಅಷ್ಟು ಚೊಕ್ಕ. ಹೊಳೆಯುವ ತಗಡಿನಲ್ಲಿ ಅವನದೇ ಮುಖ ಕಂಡಿತು. ಆ ಮುಖಕ್ಕೆ ಉಗಿಯಬೇಕೆನಿಸಿತು. ಅಣ್ಣನನ್ನು ಇನ್ನೊಂದು ಸಲ, ಈ ಸಲ ತನ್ನ ಕೈಯಾರೆ, ಅಳಿಸಿಹಾಕಿದ್ದ.

ಆಗ ಉಳಿದ ಒಂದೇ ಸಾಕ್ಷಿ, ಸೈಕಲ್ಲಿನ ಬಿಳಿ ಗೆರೆ, ನೆನಪಾಯಿತು. ಅದರ ಬೆನ್ನಿಗೇ ಬೆಳಗಿನದೂ ನೆನಪಾಯಿತು. ಅಂಗಡಿಗೆ ಹೊರಟಾಗ ಅತ್ತಿಗೆ ಬಂದಿದ್ದಳು. "ಹೊಲಿಗೆ ಕೆಲಸಕ್ಕೆ ನಡೆದು ನಡೆದು ಸಾಕಾಯ್ತು, ಸೈಕಲ್ಲು ನಾನೇ ತುಳೀತೀನಿ. ಆದ್ರೆ ಆ ಗೆರೆ ನೋಡಿದ್ರೆ ಕರುಳು ಕಿತ್ತು ಬರುತ್ತೆ. ನಿನ್ನ ಪಾಲಿಶ್ ಪೇಸ್ಟು ಚೂರು ಕೊಡು." ಚೀಲದಲ್ಲಿದ್ದ ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಟ್ಟವನೂ ಅವನೇ, ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ ಎಂದು ಬುದ್ಧಿ ಹೇಳಿದವನೂ ಅವನೇ.

ಫೋನು ಮಾಡಿದ. "ಅತ್ತಿಗೆ, ಸೈಕಲ್ ಉಜ್ಜಬೇಡಿ!"

"ಆಗ್ಲೇ ಆಯ್ತಲ್ಲಪ್ಪ," ಎಂದಳು ಅತ್ತಿಗೆ. ಅವಳ ದನಿಯಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಗೆಲುವಿತ್ತು. "ಗೆರೆ ಇತ್ತು ಅಂತಾನೇ ಗೊತ್ತಾಗಲ್ಲ, ನೋಡು. ಮುಚ್ಚಳ ವಾಪಸ್ ಕೊಡೋಕೆ ಸೈಕಲ್ಲಲ್ಲೇ ಬರ್ತಿದೀನಿ."

ಅವಳಿಗಿಂತ ಮೊದಲು ಯಜಮಾನರು ಬಂದರು. ಇಸ್ತ್ರಿ ಅಂಗಿ, ಮೆದು ಮಾತು. ನಾಯಿಗೂ ಹೋಗು ಎನ್ನದವರಂತೆ ಕಾಣುತ್ತಿದ್ದರು. ಬಗ್ಗಿ ನೋಡಿ, "ಹೊಸದೇ ಆಯ್ತಲ್ರೀ. ಏನೂ ಕಾಣಲ್ಲ ಅಲ್ವಾ?" ಎಂದರು.

"ಏನೂ ಕಾಣಲ್ಲ," ಎಂದ ಅವನು. "ಗೇಟು ಯಾವ ಬಣ್ಣದ್ದು ಸಾರ್?"

"ಯಾವ ಗೇಟು?" ಎಂದವರು ತಟ್ಟನೆ ತಡೆದುಕೊಂಡರು. "ಓ, ಗೇಟಾ... ಕಪ್ಪು. ಯಾಕೆ?"

"ಸುಮ್ಮನೆ ಕೇಳಿದೆ."

ಇನ್ನೇನು ಹೇಳುವುದು? ಪ್ಯಾಡು ತೊಳೆದಾಗಿತ್ತು, ಕಾರು ಕನ್ನಡಿಯಾಗಿತ್ತು, ಸೈಕಲ್ಲೂ ಚೊಕ್ಕವಾಗಿತ್ತು. ಬಾಯಿಮಾತನ್ನು ಯಾರು ನಂಬುತ್ತಾರೆ? ಯಜಮಾನರು ಕೀಲಿಗೆ ಕೈ ಚಾಚಿದರು.

ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು. ಅತ್ತಿಗೆ ಬಿಸಿಲ ಬೀದಿಯಿಂದ ಅಂಗಡಿಯ ಅಂಗಳಕ್ಕೆ ತಿರುಗಿದಳು. ಸೈಕಲ್ಲು ತಿರುವಿನಲ್ಲಿ ನೀಲಿ, ಹಸಿರು, ಮತ್ತೆ ನೀಲಿಯಾಯಿತು. ಯಜಮಾನರು ತಿರುಗಿ ನೋಡಿದರು. ಅವರ ಒಂದು ಕೈ ತಾನಾಗಿ ಹಿಂದಕ್ಕೆ ಹೋಗಿ, ಎಡಗಡೆ ಮುಂದಿನ ಚಕ್ರದ ಮೇಲೆ, ಗೆರೆ ಇದ್ದ ಜಾಗವನ್ನೇ ಅಗಲವಾಗಿ ಮುಚ್ಚಿಕೊಂಡಿತು.

ಅತ್ತಿಗೆ ಸ್ಟ್ಯಾಂಡು ಹಾಕಿ ಇಳಿದು ಮುಚ್ಚಳ ನೀಡಿದಳು. ಅವಳ ಕಣ್ಣು ಯಜಮಾನರ ಮುಖದ ಮೇಲೆ ನಿಂತಿತು. "ಯಾರಪ್ಪ ಇವ್ರು? ಹಿಂಗೆ ಬೆವರ್ತಿದಾರಲ್ಲ, ಕುಡಿಯೋಕೆ ನೀರು ಕೊಡಬಾರದಾ?"

ಯಜಮಾನರು ಕೈ ತೆಗೆದರು. ಹೊಳೆಯುವ ಬಿಳಿಯ ಮೇಲೆ ಐದು ಬೆರಳಿನ ಒದ್ದೆ ಗುರುತು ಮೂಡಿತ್ತು. ಒರೆಸುವ ಬಟ್ಟೆ ಪಾಲಿಶ್‌ನವನ ಹೆಗಲ ಮೇಲೆಯೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ.