ಮುಂದೆ ಇಳಿದವನು

ನನ್ನ ಗ್ಲೈಡರಿನ ಗಾಜಿನ ಮೇಲೆ ಅಂಟಿಸಿದ ಕೆಂಪು ದಾರ ನೆಟ್ಟಗಿದೆ, ಗಾಳಿಗೆ ಸರಿಯಾಗಿಯೇ ಹೋಗುತ್ತಿದ್ದೇನೆ, ಕೆಳಗೆ ಹುಲ್ಲು ಅಗಲವಾಗುತ್ತಾ ಬರುತ್ತಿದೆ, ಮುಂದೆ ಅಣ್ಣನ ಗ್ಲೈಡರ್ ನೆಲ ಮುಟ್ಟಿತು, ಒಂದು ಸಲ ಕುಪ್ಪಳಿಸಿತು, ಓಡು ಮಾರಾಯ, ಓಡು, ರನ್‌ವೇ ಕೊನೆಯವರೆಗೂ ಓಡು — ಬೆಳಿಗ್ಗೆ ಸ್ಪರ್ಧೆಯ ಮೇಲ್ವಿಚಾರಕರು ಎಲ್ಲರನ್ನೂ ನಿಲ್ಲಿಸಿಕೊಂಡು ಅದನ್ನೇ ಹೇಳಿದರು, ಸಂಜೆ ಎಲ್ಲರೂ ಒಟ್ಟಿಗೇ ಬರ್ತೀರಿ, ಯಾರಿಗೂ ಎಂಜಿನ್ ಇಲ್ಲ, ಜಾಗ ಇಲ್ಲ ಅಂತ ಇನ್ನೊಂದು ಸುತ್ತು ಹೊಡೆಯೋಕಾಗಲ್ಲ, ಮುಂದೆ ಇಳಿದವರು ಕೊನೆವರೆಗೂ ಹೋಗಿ ನಿಲ್ಲಿ — ಅಣ್ಣ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ, ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ನಮ್ಮಿಬ್ಬರಿಗೂ ಹಾರುವುದು ಕಲಿಸಿದ ಅಪ್ಪ ಎಷ್ಟು ಸಲ ಹೇಳಿದ್ದ, ಹಿಂದೆ ಬರೋರು ನಿನ್ನ ನಂಬಿ ಬರ್ತಿರ್ತಾರೆ ಕಣೋ, ಆಗಲೂ ಅಣ್ಣ ಹೂಂ ಅನ್ನುತ್ತಿದ್ದ, ಆಮೇಲೆ ತನ್ನ ಕಾರಿನ ಎದುರಿಗೇ ತಂದು ನಿಲ್ಲಿಸುತ್ತಿದ್ದ, ಕೊನೆಯವರೆಗೆ ಹೋದರೆ ಅಷ್ಟು ದೂರ ವಾಪಸು ತಳ್ಳಬೇಕಲ್ಲ, ತಳ್ಳುತ್ತಿದ್ದದ್ದು ಅವನಾದರೂ ಆಗಿದ್ದರೆ ಸರಿ, ರೆಕ್ಕೆಯ ತುದಿ ಹಿಡಿದು ಬಿಸಿಲಲ್ಲಿ ನಡೆಯುತ್ತಿದ್ದವಳು ನಾನು, ಅವನು ಯಾರ ಹೆಗಲ ಮೇಲೋ ಕೈ ಹಾಕಿಕೊಂಡು ನಗುತ್ತಾ ಮುಂದೆ ಮುಂದೆ ಹೋಗುತ್ತಿದ್ದ.

ನಿಂತ. ಅಯ್ಯೋ ಪಾಪಿ, ನಡುಮಧ್ಯೆ ನಿಂತೇಬಿಟ್ಟ, ತನ್ನ ಟೆಂಟಿಗೆ ಸರಿಯಾಗಿ, ಒಂದು ರೆಕ್ಕೆ ಹುಲ್ಲಿಗೆ ಒರಗಿತು, ಇನ್ನೊಂದು ಮೇಲೆದ್ದು ನಿಂತಿತು, ರೇಡಿಯೋದಲ್ಲಿ ಯಾರೋ ಅರಚುತ್ತಿದ್ದಾರೆ, ಮುಂದೆ ಹೋಗಿ, ಮುಂದೆ ಹೋಗಿ, ಎಲ್ಲಿ ಹೋಗುತ್ತಾನೆ, ಚಕ್ರ ನಿಂತ ಮೇಲೆ ಗ್ಲೈಡರ್ ಮಲಗಿದ ಎಮ್ಮೆ, ಜನ ಬಂದು ತಳ್ಳಿದರೇ ಉಂಟು. ಅವನ ಮೇಲಿಂದ ದಾಟಿಹೋಗುವಷ್ಟು ಎತ್ತರ ನನಗೆ ಉಳಿದಿಲ್ಲ, ಅವನ ಹಿಂದೆ ಬ್ರೇಕ್ ಒತ್ತಿ ನಿಲ್ಲಬಹುದು, ನಿಂತರೆ ಅವನಿಗೆ ಗುದ್ದುವುದು ತಪ್ಪುತ್ತದೆ, ಆದರೆ ನನ್ನ ಬೆನ್ನಿಗೇ ಹಲ್ಲಿನ ಡಾಕ್ಟರು ಬರುತ್ತಿದ್ದಾರೆ, ಇದು ಅವರ ಮೊದಲ ಸ್ಪರ್ಧೆ, ನಾನು ನಿಮ್ಮ ಬಾಲ ಹಿಡ್ಕೊಂಡೇ ಇಳೀತೀನಮ್ಮ ಅಂದಿದ್ದರು, ಹಿಡಿದುಕೊಂಡೇ ಬಂದಿದ್ದಾರೆ ಪುಣ್ಯಾತ್ಮರು, ನಾನು ನಿಂತರೆ ನೇರ ನನ್ನ ತಲೆಯ ಮೇಲೆ. ಎಡಕ್ಕೆ ಟೆಂಟು, ಕುರ್ಚಿ, ಜನ. ಬಲಕ್ಕೆ ತಂತಿಬೇಲಿ. ಅಪ್ಪ ಕೈಯಾರೆ ಬಣ್ಣ ಬಳಿದ ಗ್ಲೈಡರ್ ಇದು, ಅವನು ಹೋದಮೇಲೆ ನನಗೆ ಅಂತ ಉಳಿದದ್ದು ಇದೊಂದೇ, ಬೇರೆಯವರು ಮುಟ್ಟಿದರೂ ನನ್ನ ಮೈ ಉರಿಯುತ್ತಿತ್ತು, ಮಾಡುವವನು ಅಣ್ಣ, ಉಣ್ಣುವವಳು ನಾನು, ಯಾವತ್ತೂ ಹೀಗೇ — ಬಲಗಾಲಿನ ಪೆಡಲು ಒತ್ತಿ ಬೇಲಿಯ ಕಡೆಗೆ ತಿರುಗಿಸಿದೆ.

ಕಿವಿ ಗುಂಯ್ ಅನ್ನುತ್ತಿದೆ, ಬಾಯೊಳಗೆ ರಕ್ತ, ಕಾಲು ಆಡುತ್ತಿದೆ, ಇದ್ದೇನೆ, ಬಲರೆಕ್ಕೆ ಬುಡದಲ್ಲೇ ಮುರಿದು ಬೇಲಿಗೆ ಸಿಕ್ಕಿಕೊಂಡಿದೆ, ಅಪ್ಪಾ. ಡಾಕ್ಟರು ಇಳಿದರು, ಅಣ್ಣನ ಬಾಲಕ್ಕೆ ಮೂಗು ತಾಗಿತೇನೋ ಅನ್ನುವಷ್ಟು ಹತ್ತಿರ ಬಂದು ನಿಂತರು, ಸದ್ಯ, ಉಳಿದರು. ಬಿರುಕುಬಿಟ್ಟ ಗಾಜಿನಲ್ಲಿ ಅಣ್ಣನ ರೆಕ್ಕೆ ಕಾಣುತ್ತಿದೆ, ಒಂದು ಕೆಳಗೆ, ಒಂದು ಮೇಲೆ, ಅವನು ಕೆಳಗಿಳಿದ, ಈಗ ಓಡಿ ಬರುತ್ತಾನೆ ಅಂದುಕೊಂಡೆ, ಇಷ್ಟು ವರ್ಷವಾದ ಮೇಲೂ ಅಂದುಕೊಳ್ಳುತ್ತೇನಲ್ಲ, ನಾಚಿಕೆಗೆಟ್ಟವಳು ನಾನು. ಅವನು ಇದ್ದಲ್ಲಿಂದಲೇ ಕೈಬೀಸುತ್ತಿದ್ದಾನೆ, ಪುಟ್ಟೀ, ಏನೂ ಆಗಿಲ್ಲ ತಾನೇ, ಬೇಗ ಬಾ, ರೆಕ್ಕೆ ಹಿಡ್ಕೋ, ಮುಂದಕ್ಕೆ ತಳ್ಳೋಣ, ಹಿಂದೆ ಇನ್ನೂ ಇಬ್ಬರು ಬರ್ತಿದಾರೆ.

ಬರುತ್ತಿದ್ದಾರೆ, ನಿಜ, ಮರಗಳ ಮೇಲೆ ಕಾಣುತ್ತಿದ್ದಾರೆ, ಸದ್ದಿಲ್ಲದೆ, ಇಳಿಯದೆ ಬೇರೆ ದಾರಿಯಿಲ್ಲದೆ, ಅವನು ಹೇಳುವುದು ಸರಿಯಾಗಿಯೇ ಇದೆ, ಅದೇ ನನ್ನ ಹೊಟ್ಟೆಗೆ ಬೆಂಕಿ ಇಡುವುದು, ಜೀವನದಲ್ಲಿ ಒಂದು ಸಲ ಅವನಿಗೆ ಬಾಯ್ತುಂಬ ಬಯ್ಯೋಣ ಅಂದರೆ ಅದಕ್ಕೂ ಹೊತ್ತಿಲ್ಲ, ಬೆಲ್ಟು ಬಿಚ್ಚಿದೆ, ಕುಂಟುತ್ತಾ ಹೋಗುತ್ತಿದ್ದೇನೆ, ಹೋಗುತ್ತಿದ್ದೇನಲ್ಲ, ಥೂ, ಎದುರಿಗೆ ಆ ರೆಕ್ಕೆ, ಒಂದು ಹುಲ್ಲಿನ ಮೇಲೆ, ಇನ್ನೊಂದು ಎತ್ತರಕ್ಕೆ, ಬಿಳೀ, ಒಂದು ಗೀರೂ ಇಲ್ಲ