ನಡುವೆ ಒಂದು ಟೀ

ಕೊನೆಯ ಉತ್ತರದ ಕೆಳಗೆ ಗೆರೆ ಎಳೆದು ಕವನ ಗಡಿಯಾರ ನೋಡಿದಳು. ಹನ್ನೆರಡೂ ಹತ್ತು. ಪರೀಕ್ಷೆ ಮುಗಿಯಲು ಇನ್ನೂ ಐವತ್ತು ನಿಮಿಷವಿತ್ತು. ಕೋಣೆಯಲ್ಲಿ ಉಳಿದವರೆಲ್ಲ ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು. ಎದ್ದು ಪೇಪರು ಕೊಟ್ಟು ಹೊರಡು ಎಂದು ಅವಳ ಕಾಲುಗಳು ಆಗಲೇ ಬೆಂಚಿನ ಕೆಳಗೆ ಕುಣಿಯತೊಡಗಿದ್ದವು. ಆ ಕಾಲುಗಳ ಮಾತು ಕೇಳಿಯೇ ಹೋದ ಸಲ ಕೆಟ್ಟದ್ದು.

ಭದ್ರಾವತಿಯ ಅವಳ ಕಾಲೇಜಿನಲ್ಲಿ ಲೆಕ್ಕ ಎಂದರೆ ಕವನ ಎಂಬ ಮಾತಿತ್ತು. ಬೋರ್ಡಿನ ಮೇಲೆ ಪ್ರಶ್ನೆ ಬರೆದು ಮುಗಿಯುವುದರೊಳಗೆ ಉತ್ತರ ಹೇಳುವ ಹುಡುಗಿ. ಗೆಳತಿ ಮಧುವಿಗೆ ವರ್ಷವೆಲ್ಲ ಪಕ್ಕದಲ್ಲಿ ಕೂತು ಇಂಟಿಗ್ರೇಷನ್ ಕಲಿಸಿದ್ದೂ ಅವಳೇ. ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹೊರಬಂದು ಗೇಟಿನ ಬಳಿ ಗೋಬಿ ತಿನ್ನುತ್ತಾ ನಿಂತಿದ್ದಳು. ಫಲಿತಾಂಶ ಬಂದಾಗ ಮಧು ಪಾಸು, ಕವನ ಫೇಲು. ಪಾಸಾದ ಮಧುವೇ ಹೆಚ್ಚು ಅತ್ತಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಿ.ಎಸ್ಸಿ.ಗೆ ಹೋಗುವುದೆಂದು ಯಾವಾಗಲೋ ಮಾತಾಗಿತ್ತು. ಈಗ ಈ ಎರಡನೇ ಪರೀಕ್ಷೆಯೂ ಕೈಕೊಟ್ಟರೆ ಮಧು ಒಬ್ಬಳೇ ಬಸ್ಸು ಹತ್ತಬೇಕು.

ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದರೆ ಗೊತ್ತಿಲ್ಲದ ಲೆಕ್ಕ ಒಂದೂ ಇರಲಿಲ್ಲ. ಒಂದು ಕಡೆ ಮೈನಸ್ಸು ಪ್ಲಸ್ಸಾಗಿತ್ತು. ಇನ್ನೊಂದು ಕಡೆ ಪ್ರಶ್ನೆಯ ಮೂರನ್ನು ಎಂಟು ಎಂದು ಇಳಿಸಿಕೊಂಡಿದ್ದಳು. ಒಂದು ಇಡೀ ಪುಟಕ್ಕೆ ಪ್ರಶ್ನೆಯ ನಂಬರೇ ತಪ್ಪು. ನಡುವಿನ ಹಂತಗಳನ್ನೆಲ್ಲ ಬಾಯಲ್ಲೇ ಲೆಕ್ಕ ಹಾಕಿ ಹಾರಿಸಿದ್ದಕ್ಕೆ ಅಂಕವೂ ಹಾರಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಅಂದೇಬಿಟ್ಟಳು. ಅಪ್ಪ ಪರಮೇಶ್ ಕಬ್ಬಿಣ ಕಡೆಯುವ ಕೆಲಸದವನು. ಮಲವಗೊಪ್ಪದ ಲೇತ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಟರ್ನರ್ ಆಗಿದ್ದವನು ಕನ್ನಡಕ ಹಾಕಿಕೊಂಡು ಅರ್ಥವಾಗದ ಆ ಹಾಳೆಗಳನ್ನು ಒಂದೊಂದಾಗಿ ತಿರುವಿ, ಮಾರನೇ ದಿನ ಮಗಳನ್ನು ಶೆಡ್ಡಿಗೆ ಕರೆದುಕೊಂಡು ಹೋದ.

ಅಲ್ಲಿ ಒಂದು ಕಬ್ಬಿಣದ ತುಂಡಿಗೆ ತೂತು ಕೊರೆದು ಮೇಜಿನ ಮೇಲಿಟ್ಟ. ಅಳೆಯಲಿಲ್ಲ. ಮೆಷಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ಹೊರಗೆ ಕೂತು ನಿಧಾನವಾಗಿ ಟೀ ಕುಡಿದ. ಆಮೇಲೆ ಬಂದು ಅಳತೆ ನೋಡುವ ಗೇಜು ತೆಗೆದುಕೊಂಡ. ಅದರ ಒಂದು ತುದಿ ತೂತಿನೊಳಗೆ ಸರಾಗವಾಗಿ ಇಳಿಯಿತು, ಕೂದಲೆಳೆಯಷ್ಟು ಹೆಚ್ಚು ದಪ್ಪಗಿದ್ದ ಇನ್ನೊಂದು ತುದಿ ಇಳಿಯಲಿಲ್ಲ. ಹಾಗಿದ್ದರೆ ಮಾತ್ರ ಅಳತೆ ಸರಿ. ಜೇಬಿನಿಂದ ನೀಲಿ ಚಾಕ್‌ಪೀಸ್ ತೆಗೆದು ತುಂಡಿನ ಮೇಲೆ ಗೆರೆ ಹಾಕಿದ. ಗೆರೆ ಬೀಳದ ಪೀಸು ಆ ಮೇಜು ಬಿಟ್ಟು ಏಳುವಂತಿರಲಿಲ್ಲ.

ಟೀಗೆ ಮೊದಲೇ ಯಾಕೆ ಅಳೆಯಲಿಲ್ಲ ಎಂದು ಕವನ ಕೇಳಿದಳು.

"ಮಾಡಿದ ಕೂಡ್ಲೇ ನೋಡಿದ್ರೆ ಕಣ್ಣು ಕೈ ಪರವಾಗೇ ಸಾಕ್ಷಿ ಹೇಳುತ್ತೆ ಮಗಳೇ," ಎಂದ ಅಪ್ಪ. "ಅದಕ್ಕೇ ನಡುವೆ ಒಂದು ಟೀ."

ಅಂದಿನಿಂದ ಮನೆಯಲ್ಲಿ ದಿನಕ್ಕೆ ಎರಡು ಹಳೇ ಪ್ರಶ್ನೆಪತ್ರಿಕೆ, ಎರಡು ಟೀ. ಬರೆಯುವುದು, ಕುಡಿಯುವುದು, ಆಮೇಲೆ ತಪ್ಪು ಹುಡುಕುವುದು. ಇವಳು ಪಾಸಾಗದಿದ್ದರೆ ಹೋಟೆಲ್ಲಾದರೂ ಇಡಬಹುದು ಎಂದು ಅಮ್ಮ ಹಾಲು ಕಾಯಿಸುತ್ತಲೇ ಗೊಣಗುತ್ತಿದ್ದಳು.

ಶಿವಮೊಗ್ಗ ವಿನೋಬನಗರದ ಈ ಪರೀಕ್ಷಾ ಕೇಂದ್ರದಲ್ಲಿ ಟೀ ಕೊಡುವವರು ಯಾರು? ಕವನ ಪೆನ್ನಿಗೆ ಮುಚ್ಚಳ ಹಾಕಿ ನೀರಿನ ಬಾಟಲಿ ತೆರೆದಳು. ಒಂದೊಂದೇ ಗುಟುಕು ಕುಡಿಯುತ್ತಾ ಕಿಟಕಿಯಾಚೆ ನೋಡಿದಳು. ಎದುರು ಮನೆಯ ಮಹಡಿಯಲ್ಲಿ ಹೆಂಗಸೊಬ್ಬಳು ಬೆಡ್‌ಶೀಟು ಹರವಿ ಕ್ಲಿಪ್ಪು ಹಾಕುತ್ತಿದ್ದಳು. ಕೊನೆಯ ಕ್ಲಿಪ್ಪು ಬೀಳುವವರೆಗೂ ಹಾಗೇ ಕೂತಿದ್ದು, ಆಮೇಲೆ ಕೊನೆಯ ಪುಟದಿಂದ ಹಿಂದಕ್ಕೆ ನೋಡತೊಡಗಿದಳು.

ಪ್ರಶ್ನೆ ನಂಬರುಗಳು ಸರಿಯಿದ್ದವು. ಮೊದಲು ನೋಡಿದ ಎರಡು ಲೆಕ್ಕವೂ ಸರಿ. ಮೂರನೆಯದು ಮ್ಯಾಟ್ರಿಕ್ಸ್. ಉತ್ತರ x ಎರಡು, y ಮೈನಸ್ ಒಂದು, z ಮೂರು. ಪ್ರಶ್ನೆಯ ಮೊದಲ ಸಮೀಕರಣ x − y + z = 4. ಉತ್ತರವನ್ನು ಅದರೊಳಗೆ ಇಳಿಸಿದಳು. ಆರು ಬಂತು.

ಮತ್ತೆ ಇಳಿಸಿದಳು, ಮತ್ತೆ ಆರೇ. ನಾಲ್ಕು ಬರಬೇಕಿತ್ತು. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕಳ್ಳನ ಕಾಲು ಕಂಡಂಥ ಹುರುಪು. ಈ ಪುಟದಲ್ಲೇ ಎಲ್ಲೋ ಅಡಗಿದ್ದಾನೆ! ಬೆರಳಿಟ್ಟು ಒಂದೊಂದೇ ಸಾಲು ಮೇಲಕ್ಕೆ ಹೋದಳು. ನಾಲ್ಕನೇ ಸಾಲಿನಲ್ಲಿ ಸಿಕ್ಕಿತು: ಒಂದು ಸಂಖ್ಯೆಯ ಮುಂದೆ ಮೈನಸ್ ಹಾಕುವುದೇ ಮರೆತುಹೋಗಿತ್ತು. ಒಂದು ಗೀಟಿನಷ್ಟು ಜಾಗ. ಹೊಡೆದು ಹಾಕಿ ಕೆಳಗೆ ಬಿಡಿಸಿ ಬರೆದಳು. y ಒಂದು ಬಂತು. ಎರಡರಲ್ಲಿ ಒಂದು ಕಳೆದು ಮೂರು ಕೂಡಿದರೆ ನಾಲ್ಕು. ಉಳಿದೆರಡು ಸಮೀಕರಣಕ್ಕೂ ಅದೇ ಉತ್ತರ ಸರಾಗವಾಗಿ ಇಳಿಯಿತು. ಕೂತಲ್ಲೇ ಕುಣಿಯಬೇಕೆನಿಸಿತು.

ಕುಣಿಯಲು ಸಮಯವಿರಲಿಲ್ಲ. ಇನ್ನೂ ಎರಡು ಕಡೆ ಕಳ್ಳ ಸಿಕ್ಕಿದ. ಹತ್ತು ನಿಮಿಷ ಉಳಿದಿದ್ದಾಗ ಪ್ಯಾಡು ಎತ್ತಿ ನೋಡಿದರೆ, ಗ್ರಾಫ್ ಬಿಡಿಸಿದ ಹಾಳೆ ಅದರಡಿಯಲ್ಲಿ ಬೆಚ್ಚಗೆ ಮಲಗಿತ್ತು. ಉತ್ತರ ಪತ್ರಿಕೆಗೆ ಕಟ್ಟಿರಲೇ ಇಲ್ಲ. ಕೋಣೆ ಕಾಯುತ್ತಿದ್ದ ಮೇಡಂ ಕೈಯಿಂದ ದಾರ ಇಸಿದುಕೊಂಡು ಎರಡು ಗಂಟು ಹಾಕಿದಳು. ಗಂಟೆ ಹೊಡೆಯಿತು.

ಅಪ್ಪ ಗೇಟಿನೆದುರಿನ ಟೀ ಅಂಗಡಿಯ ಬಳಿ ಶೆಡ್ಡಿನ ಬಟ್ಟೆಯಲ್ಲೇ ನಿಂತಿದ್ದ. ಅರ್ಧ ದಿನ ರಜೆ ಹಾಕಿ ಬಂದಿದ್ದ. ಕವನ ಹೊರಬಂದಿದ್ದು ಎಲ್ಲರಿಗಿಂತ ಕೊನೆಗೆ.

"ಎಲ್ಲಾ ಬಂದ್ರು, ನೀ ಬರ್ಲಿಲ್ಲ. ಆಗ್ಲೇ ಸಮಾಧಾನ ಆಯ್ತು ನಂಗೆ," ಎಂದ.

ಅವಳು ಒಂದೇ ಉಸಿರಿಗೆ ಆರು ನಾಲ್ಕಾದ ಕಥೆ, ದಾರದ ಕಥೆ ಎಲ್ಲ ಹೇಳಿದಳು. ಅಪ್ಪನಿಗೆ ಅರ್ಧ ತಿಳಿಯಿತೋ ಇಲ್ಲವೋ, ಜೇಬಿಗೆ ಕೈ ಹಾಕಿ ನೀಲಿ ಚಾಕ್‌ಪೀಸ್ ತೆಗೆದ. ಕವನ ಪ್ಯಾಡು ಮುಂದೆ ಹಿಡಿದಳು. ಅವನು ಗೆರೆ ಎಳೆಯಲಿಲ್ಲ, ಚಾಕ್‌ಪೀಸನ್ನು ಅವಳ ಕೈಗಿಟ್ಟ.

"ನೋಡ್ದೋಳು ನೀನು. ನೀನೇ ಹಾಕು."

ಅವಳು ಪ್ಯಾಡಿನ ಮೂಲೆಯಲ್ಲಿ ಒಂದು ಗೆರೆ ಹಾಕಿದಳು. ಅಪ್ಪ ಅಂಗಡಿಯವನಿಗೆ ಎರಡು ಬೆರಳು ತೋರಿಸಿದ. ಟೀ ಬಂದಾಗ ಸುಡುತ್ತಿತ್ತು. ಸ್ಟ್ಯಾಂಡಿನ ಕಡೆ ಹೋಗುವ ಸಿಟಿ ಬಸ್ಸು ಬಂದು ನಿಂತಿತು, ಕಂಡಕ್ಟರು ಎರಡು ಸಲ ಕೂಗಿದ. ಕವನ ನೀಲಿ ಬೆರಳುಗಳಲ್ಲಿ ಲೋಟ ಹಿಡಿದು ಊದುತ್ತಾ ನಿಂತಿದ್ದಳು. ಬಸ್ಸು ಹೋಯಿತು.