ಬೋರ್ಡ್ ನೋಡಿ ಬರೆದ ಮೊದಲ ಸಾಲು

ನಾಗರತ್ನಾ ತೀರಿಹೋಗಿ ಹತ್ತು ತಿಂಗಳಾಗಿತ್ತು. ಬೈರಿದೇವರಕೊಪ್ಪದ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಆಕೆ ಗಂಡನಿಗೆಂದೇ ಮಾಡಿಟ್ಟ ಒಂದು ವೆಬ್ ಪುಟ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಕಣ್ಣು ಕಳೆದುಕೊಂಡ ಶಿವಯೋಗೀಶನಿಗೆ ಪತ್ರಿಕೆಯಿಂದ ಹಿಡಿದು ಎಲ್ಲವನ್ನೂ ಓದಿ ಹೇಳುವುದು ಆ ಲ್ಯಾಪ್‌ಟಾಪಿನ ದನಿಯೇ. ಆದರೆ ಹೆಂಡತಿಯ ಪುಟಕ್ಕೆ ಬಂದರೆ ಅದಕ್ಕೆ ಬಾಯಿ ಕಟ್ಟುತ್ತಿತ್ತು. ಕನ್ನಡವನ್ನೆಲ್ಲ ನುಂಗಿ, ಮೂರೇ ಅಂಕಿಗಳನ್ನು ಇಂಗ್ಲಿಷಿನಲ್ಲಿ ಉಸುರಿ ಸುಮ್ಮನಾಗುತ್ತಿತ್ತು: ಎರಡು ಸಾವಿರದ ನಾಲ್ಕು, ಹನ್ನೆರಡು, ಮೂರು.

ಪುಣ್ಯಾತ್ಮ ಆ ಮೂರು ಅಂಕಿಗಳಲ್ಲೇ ತಮ್ಮ ಸಂಸಾರದ ಕಥೆಯನ್ನೆಲ್ಲ ಕಟ್ಟಿಕೊಂಡಿದ್ದ. ಮೊದಲನೆಯದು ಮದುವೆಯ ವರ್ಷ, ಹನ್ನೆರಡು ಆಕೆ ಹುಟ್ಟಿದ ತಾರೀಖು, ಮೂರು ಎಂದರೆ ತನ್ನ ಕಣ್ಣು ಹೋಗಿ ಆದ ವರ್ಷಗಳು. ಏನೋ ದುಃಖ ತೋಡಿಕೊಂಡಿದ್ದಾಳೆ ಎಂದು ದಿನಾ ಕೇಳಿ ಕೊರಗುತ್ತಿದ್ದ. ಓದಿ ಹೇಳುತ್ತೇನೆಂದು ತಮ್ಮ ಬಂದರೆ ಒಲ್ಲೆ ಎಂದ. ತನಗೆಂದು ಬರೆದದ್ದನ್ನು ಮೊದಲು ತಾನೇ ಕೇಳಬೇಕು, ಒಬ್ಬನೇ ಕೇಳಬೇಕು. ಹಟವೆಂದರೆ ಹಟವೇ.

ಕೊನೆಗೆ ಕ್ಲಾಸಿನ ಮೃಣಾಲಿನಿ ಮೇಡಂ ಅವರನ್ನು ಕರೆಸಿದ. ಅವರು ಪುಟದ ಹಿಂದಿರುವ ಕೋಡ್ ಬರಹ ತೆರೆದು ಮೊದಲ ಸಾಲುಗಳಲ್ಲೇ ನಿಂತರು. ಇಡೀ ಪುಟವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಎಚ್‌ಟಿಎಂಎಲ್ ಟ್ಯಾಗ್ ಅಲ್ಲಿತ್ತು. ಒಳಗಿರುವುದೆಲ್ಲ ಇಂಗ್ಲಿಷ್ ಎಂದು ಅದು ಹೇಳುತ್ತಿತ್ತು, ಓದುವ ಯಂತ್ರ ಅದನ್ನೇ ನಂಬಿತ್ತು. ಮೇಡಂ ಮುಖ ಸಣ್ಣದಾಯಿತು.

"ತಪ್ಪು ನಂದ್ರಿ. ಮೊದಲನೇ ಸಾಲು ಬೋರ್ಡ್ ನೋಡಿ ಹಂಗ ಬರ್ಕೋರಿ, ಮುಟ್ಟಬ್ಯಾಡ್ರಿ ಅಂತ ನಾನ ಹೇಳಿದ್ದೆ."

ನಾಗರತ್ನಾ ಹೇಳಿದ ಮಾತು ಮೀರುವವಳಲ್ಲ. ಪುಟ ಚೆಂದ ಕಾಣುತ್ತದೆಂದು ಖುಷಿಪಟ್ಟು ಮುಚ್ಚಿಟ್ಟಿರಬೇಕು. ಕಣ್ಣಿದ್ದವಳು, ಯಂತ್ರದಿಂದ ಒಮ್ಮೆಯೂ ಓದಿಸಿ ಕೇಳಿರಲಿಲ್ಲ.

"ಅದೊಂದ ಸಾಲು ತಿದ್ರಿ," ಎಂದ ಶಿವಯೋಗೀಶ. "ಕೆಳಗಿಂದು ಓದಬ್ಯಾಡ್ರಿ."

ಇಂಗ್ಲಿಷ್ ಇದ್ದಲ್ಲಿ ಕನ್ನಡ ಎಂದು ತಿದ್ದಿ, ಚಹಾಕ್ಕೂ ನಿಲ್ಲದೆ ಮೇಡಂ ಹೊರಟುಹೋದರು. ಬಾಗಿಲು ಹಾಕಿದ ಸದ್ದು ಕೇಳಿದ ಮೇಲೂ ಅವನಿಗೆ ಗುಂಡಿ ಒತ್ತುವ ಧೈರ್ಯವಾಗಲಿಲ್ಲ. ಇದನ್ನು ಕೇಳಿಬಿಟ್ಟರೆ ಆಕೆಯಿಂದ ಕೇಳುವುದು ಇನ್ನೇನೂ ಉಳಿಯುವುದಿಲ್ಲ. ಆದರೂ ಒತ್ತಿದ.

ಯಂತ್ರದ ಒಣ ದನಿ, ಆಕೆಯ ಮಾತು.

"2004ರಾಗ ನನ್ನ ನೋಡಾಕ ನಮ್ಮೂರು ಗರಗಕ್ಕ ಬಂದಾಗ ನೀವು 12 ಮಿರ್ಚಿ ಭಜಿ ತಿಂದ್ರಿ. ಮಂದಿ ಮುಂದ 3 ಅಂತ ಹೇಳಿದ್ರಿ. ನಾ ಒಳಗ ಕುಂತು ಎಣಿಸಿದ್ದೆ. ಕೇಳಸಾಕತ್ತೈತೇನ್ರಿ?"

ಹತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ನಗು ಬಂತು.

"ಕೇಳಸಾಕತ್ತೈತಿ," ಎಂದ. "ಮುಂದ ಹೇಳ."

ಯಂತ್ರ ಸುಮ್ಮನಿತ್ತು. ಪುಟದಲ್ಲಿ ಇದ್ದದ್ದೇ ಅಷ್ಟು.